ಮೇಚೇರಿಯ ಇಬ್ಬರು ಮಾದೇವಿಯರು

ಸೇಲಂನಲ್ಲಿ ಮನೆ ನೋಡಲು ಹೋದ ದಿನ ಮಾಲೀಕರು ನನ್ನನ್ನು ತಮಿಳಿನಲ್ಲಿ ವಿಚಾರಿಸಿಕೊಂಡು, ಮಗ್ಗದ ಮುಂದೆ ಕೂತಿದ್ದ ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಒಬ್ಳೇ ಬಂದವ್ಳೆ ಲೇ. ಮುಖದಾಗೆ ಕಳೆನೇ ಇಲ್ಲ. ವೀಡು ಕೊಡೋದಾ ಬ್ಯಾಡ್ವಾ?" ನನಗೆ ದಿಗಿಲಾಯಿತು. ಕನ್ನಡ ಕಿವಿಗೆ ಬೀಳದಿರಲಿ ಎಂದೇ ತಿಪಟೂರು ಬಿಟ್ಟು ಬಂದವಳು ನಾನು.

ಮಗ ತೀರಿಕೊಂಡ ಮೇಲೆ ಊರಿನವರು ಹೇಳಿದ ಸಮಾಧಾನವೆಲ್ಲ ಕನ್ನಡದಲ್ಲಿತ್ತು. ನನ್ನ ಅರೆಬರೆ ತಮಿಳಿನಲ್ಲಿ ಅಂಥ ಮಾತು ಮನಸ್ಸಿಗೆ ತಟ್ಟದೆಂದುಕೊಂಡು ಸೇಲಂನ ಈ ಕೆಲಸ ಒಪ್ಪಿದೆ. ಗಂಡ ಬರಲಿಲ್ಲ, ನಾನೂ ಕರೆಯಲಿಲ್ಲ. ಮನೆಯಂತೂ ಸಿಕ್ಕಿತು. ನಮ್ಮ ಮುದ್ದೆಗೆ ಇಲ್ಲಿ ಕಳಿ ಎನ್ನುತ್ತಾರೆ. ಮನೆಯೊಡತಿ ಕೊಟ್ಟದ್ದನ್ನು ತಿನ್ನುತ್ತಿದ್ದೆ, ರುಚಿ ಮಾತ್ರ ತಿಳಿಯುತ್ತಿರಲಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ತಮಿಳಿನಲ್ಲಿ ಕೇಳಿದರೆ "ಇಲ್ಲೆ" ಎಂದುಬಿಡುತ್ತಿದ್ದೆ. ಆ ಭಾಷೆಯಲ್ಲಿ ಅದು ಸಲೀಸಾಗಿ ಬರುತ್ತಿತ್ತು.

ಸೇಲಂ, ಧರ್ಮಪುರಿ ಜಿಲ್ಲೆಗಳ ಮಕ್ಕಳ ಜನನ ನೋಂದಣಿ, ಬಾಲವಾಡಿಯ ತೂಕ, ಶಾಲೆಯ ದಾಖಲಾತಿ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ, ಮಕ್ಕಳು ಹೇಗೆ ಬೆಳೆಯುತ್ತಾರೆಂದು ನೋಡುವುದು ನಮ್ಮ ಕೆಲಸ. ಬಾಲವಾಡಿ ಎಂದರೆ ನಮ್ಮ ಕಡೆಯ ಅಂಗನವಾಡಿಯೇ. ಜೋಡಿಸುವುದು ಕಂಪ್ಯೂಟರು. ಅದು ಎಡವಿದ ಕಡೆ ಮನೆಗೆ ಹೋಗಿ ವಿಚಾರಿಸುವವಳು ನಾನು.

ಮೇಚೇರಿಯ ಮಾದೇವಿ ಎಂಬ ಮಗು ಏಳು ಕಿಲೋ ತೂಗಿ, ಮುಂದಿನ ಸಾಲಿನಲ್ಲಿ ಮೂರು ಕಿಲೋಗೆ ಇಳಿದಿತ್ತು. ಹೆಸರು, ಅಪ್ಪ, ಅಮ್ಮ, ವಿಳಾಸ ಎಲ್ಲ ಒಂದೇ. ಹುಟ್ಟಿದ ದಿನ ಮಾತ್ರ ಬೇರೆ ಇತ್ತು. ಅದನ್ನು ಬರೆದವರ ತಪ್ಪೆಂದು ಕಂಪ್ಯೂಟರು ಬಿಟ್ಟುಬಿಟ್ಟಿತ್ತು.

ಆ ಮನೆಯವರೂ ಕನ್ನಡದವರೇ. ಅಂಗಳದಲ್ಲಿ ಹುಡುಗಿಯೊಬ್ಬಳು ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಅಜ್ಜಿ ನನ್ನ ಮಾತು ಮುಗಿಯಲು ಬಿಡದೆ ಆ ಹುಡುಗಿಯ ಕಡೆ ಕೈ ತೋರಿದಳು. "ಮೊದಲ್ನೇದು ಜ್ವರ ಬಂದು ಓಯ್ತು. ಅದೇ ಎಸ್ರು ಇದ್ಕೆ ಇಟ್ವಿ. ಅವ್ಳೇ ತಿರ್ಗಾ ಬಂದವ್ಳೆ. ಒಂದೇ ಮಗು ಅಂತ ಬರ್ಕೊಮ್ಮಾ, ಪೋದುಂ." ಸಾಕು ಎಂದರ್ಥ. ಹೋದವಳ ಮಾತು ಎತ್ತಿದರೆ ಬಂದವಳೂ ನಿಲ್ಲುವುದಿಲ್ಲವೆಂಬುದು ಆ ಮನೆಯ ನಂಬಿಕೆ. ಕಂಪ್ಯೂಟರೂ ಅಜ್ಜಿಯೂ ಒಂದೇ ಮಾತು ಹೇಳುತ್ತಿದ್ದರು.

ನನ್ನನ್ನು ಬಸ್ಸಿಗೆ ಬಿಡುತ್ತೇನೆಂದು ಹೊರಟ ಮಗುವಿನ ತಾಯಿ ಸೆಲ್ವಿ ದಾರಿಯಲ್ಲಿ ನಿಂತಳು. "ಇಬ್ರು ಮೇಡಂ. ಮೊದಲ್ನೇದು ತೊಪ್ಪೂರಿನಾಗೆ, ನಮ್ಮಮ್ಮನ ಮನೇಲಿ ಉಟ್ಟಿದ್ದು. ಅದ್ಕೆ ಕಿವಿ ಹತ್ರ ಮಚ್ಚೆ ಇತ್ತು, ಇದ್ಕಿಲ್ಲ. ಇಬ್ರು ಅಂತ ಬರ್ದ್ರೆ ಅವ್ಳು ನಿಮ್ಮತ್ರ ಇರ್ತಾಳಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇಬ್ಬರನ್ನೂ ಬೇರೆ ಮಾಡಿ ಬರೆದರೆ ಮೊದಲನೆಯವಳ ದಾಖಲೆ ಅರ್ಧಕ್ಕೇ ನಿಲ್ಲುತ್ತದೆ, ಅರ್ಧಕ್ಕೆ ನಿಂತ ಮಕ್ಕಳನ್ನು ನಾವು ಕೈಬಿಡುತ್ತೇವೆ, ಸಾವಿನ ನೋಂದಣಿ ಆಗಿದ್ದರೆ ಮಾತ್ರ ಉಳಿಸಿಕೊಳ್ಳುತ್ತೇವೆ ಎಂದೆ. ಅದು ಆಗಿರಲೇ ಇಲ್ಲ.

"ಸತ್ಲು ಅಂತ ನಾನೇ ಏಳ್ಬೇಕಾ?"

"ಹೌದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅತ್ತೆ ಬೈತಾರೆ. ಬೈಲಿ. ಯಾವ ಆಫೀಸ್‌ಗೆ ಓಗ್ಬೇಕು ಏಳಿ." ನಾನೂ ಜೊತೆಗೆ ಬರುತ್ತೇನೆಂದೆ. ಆಗ ಕೇಳಿದಳು: "ನಿಮ್ಗೆಷ್ಟು ಮಕ್ಳು?"

ತಮಿಳಿನ ಉತ್ತರ ನಾಲಿಗೆಯ ಮೇಲಿತ್ತು, ಆದರೆ ಅವಳು ಕೇಳಿದ್ದು ಕನ್ನಡದಲ್ಲಿ.

"ಒಬ್ಬ ಇದ್ದ," ಎಂದೆ.

ಪಾಪ ಎನ್ನಲಿಲ್ಲ ಅವಳು. "ಎಸ್ರು?" ಎಂದಳು. ಹೇಳಿದೆ. ಆ ಹೆಸರು ಹೇಳಿ ಎಷ್ಟು ಕಾಲವಾಗಿತ್ತೋ.

ಅಮ್ಮ ಫೋನು ಮಾಡಿದಾಗಲೆಲ್ಲ ಊರಿಗೆ ಯಾವಾಗ ಬರುತ್ತೀಯ ಎನ್ನುತ್ತಾಳೆ. ಅಲ್ಲಿ ನನ್ನವರೆಲ್ಲ ಇದ್ದಾರೆ. ನನಗೆ ನೋವಾದೀತೆಂದು ಅವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸೆಲ್ವಿ ಸಿಕ್ಕಾಗ ಅವನಿಗೆ ಏನು ಇಷ್ಟವಿತ್ತು, ಯಾರ ಹಾಗಿದ್ದ ಎಂದೆಲ್ಲ ಕೇಳುತ್ತಾಳೆ. ಬರುತ್ತೇನೆ ಎಂದು ಅಮ್ಮನಿಗೆ ಹೇಳುತ್ತೇನೆ, ಇನ್ನೂ ಟಿಕೆಟ್ಟು ಮಾಡಿಸಿಲ್ಲ.