ಗಾಜಿಗೆ ಹಚ್ಚಿದ ಅರಿಶಿನ

ನಾನು ಚಿಕ್ಕವನಿದ್ದಾಗ ಒಂದೇ ಒಂದು ಫೋಟೊ ಕೂಡ ತೆಗೆದಿರಲಿಲ್ಲ, ಆದರೆ ಕ್ಯಾಮೆರಾ ಬಗ್ಗೆ ನನಗೆ ತಿಳಿಯದ ಸಂಗತಿಯೇ ಇರಲಿಲ್ಲ. ಯಾರ ಕ್ಯಾಮೆರಾ ಒಳ್ಳೆಯದು, ಯಾರದು ಡಬ್ಬ, ಯಾರು ತೆಗೆದ ಫೋಟೊದಲ್ಲಿ ಮದುಮಗನ ತಲೆಯೇ ಹಾರಿಹೋಗಿದೆ, ಎಲ್ಲವನ್ನೂ ಹನ್ನೊಂದನೆಯ ವಯಸ್ಸಿಗೇ ತೀರ್ಮಾನ ಮಾಡಿ ಮುಗಿಸಿದ್ದೆ. ಮಕ್ಕಳೇ, ತಾತಂದಿರು ತಾವು ಮಾವಿನಕಾಯಿ ಕದ್ದ ಕತೆ ಹೇಳುತ್ತಾರೆ. ಕದ್ದ ಮಾವಿನಕಾಯಿಗೆ ಎಲ್ಲರೂ ನಗುತ್ತಾರೆ, ತಾತನೂ ನಗುತ್ತಾನೆ. ನಾನು ಹೇಳಲಿರುವುದು ಅಂಥ ಕತೆಯಲ್ಲ.

ನಾವು ಚಿಕ್ಕಬಾಣಾವರದ ಒಂದು ವಠಾರದಲ್ಲಿದ್ದೆವು. ಪೀಣ್ಯದಲ್ಲಿ ಆಗಷ್ಟೇ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದವು. ಅಪ್ಪ ಅಂಥದ್ದೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋದವರು ಸಂಜೆ ಕಬ್ಬಿಣದ ವಾಸನೆ ಹೊತ್ತು ಮರಳುತ್ತಿದ್ದರು. ಅವರಿಗೆ ಫೋಟೊ ತೆಗೆಯುವ ಹುಚ್ಚು. ಯಾರೋ ಬಳಸಿ ಬಿಟ್ಟ ಒಂದು ಕ್ಯಾಮೆರಾವನ್ನು ಬಿಚ್ಚಿ, ಎಣ್ಣೆ ಬಿಟ್ಟು, ಸರಿಮಾಡಿಕೊಂಡಿದ್ದರು.

ಭಾನುವಾರ ನಮ್ಮ ವಠಾರದ ಕಲ್ಲುಕಟ್ಟೆಯ ಮೇಲೆ ಇಂಥ ಹುಚ್ಚಿನವರು ನಾಲ್ಕು ಜನ ಸೇರುತ್ತಿದ್ದರು. ಒಬ್ಬರು ತಂದ ಫೋಟೊಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಉಳಿದವರು ಬುದ್ಧಿ ಹೇಳುತ್ತಿದ್ದರು. ಫೋಟೊಗಿಂತ ಬುದ್ಧಿಯೇ ಹೆಚ್ಚು. ಎಲ್ಲರಿಗಿಂತ ಜೋರು ಬಾಯಿ ಫೋರ್‌ಮನ್ ಮಾವನದು. ಅವರು ಅಪ್ಪನ ಕಾರ್ಖಾನೆಯ ಫೋರ್‌ಮನ್. ಅವರ ಕ್ಯಾಮೆರಾ ವಿದೇಶದ್ದು. ಅದಕ್ಕೊಂದು ಚರ್ಮದ ಚೀಲ, ಆ ಚೀಲಕ್ಕೆ ಧೂಳು ತಾಗದಂತೆ ಇನ್ನೊಂದು ಬಟ್ಟೆಯ ಚೀಲ. ಎರಡು ಚೀಲ ಬಿಚ್ಚಿ ಮುಗಿಸುವಷ್ಟರಲ್ಲಿ ಹಾರುವ ಹಕ್ಕಿ ಹಾರಿ, ಮುಳುಗುವ ಸೂರ್ಯ ಮುಳುಗಿ ಆಗಿರುತ್ತಿತ್ತು. ಅವರು ತೆಗೆದದ್ದರಲ್ಲಿ ನನಗೆ ನೆನಪಿರುವುದು ಅವರ ಸ್ವಂತ ಸ್ಕೂಟರಿನ ಫೋಟೊಗಳು ಮಾತ್ರ. ಆದರೂ ಅವರೇ ನನಗೆ ಗುರು. ಅವರು ಯಾರನ್ನಾದರೂ ಗೇಲಿ ಮಾಡಿದರೆ ನಾನು ಎಲ್ಲರಿಗಿಂತ ಮೊದಲು ನಗುತ್ತಿದ್ದೆ, ನಕ್ಕದ್ದನ್ನು ಅವರು ನೋಡಿದರೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದೆ.

ನಮ್ಮ ಪಕ್ಕದ ಕೋಣೆಯಲ್ಲಿ ಗದಗಿನ ಕಡೆಯಿಂದ ಬಂದ ಒಬ್ಬ ಅಣ್ಣ ಬಾಡಿಗೆಗಿದ್ದರು. ಅಪ್ಪನ ಕಾರ್ಖಾನೆಯಲ್ಲೇ ಕೆಲಸ. ಎಲ್ಲಿಂದಲೋ ಒಂದು ಡಬ್ಬಿ ಕ್ಯಾಮೆರಾ ತಂದುಕೊಂಡು ಅವರೂ ಕಟ್ಟೆಗೆ ಬಂದು ಕೂರುತ್ತಿದ್ದರು. ಅದರಲ್ಲಿ ತಿರುಗಿಸಲು, ಹೊಂದಿಸಲು ಏನೂ ಇಲ್ಲ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಅಷ್ಟೇ. ಅದನ್ನು ಅವರು ಎರಡು ಕೈಯಲ್ಲಿ, ಹಾಲಿನ ಪಾತ್ರೆ ಹಿಡಿದಂತೆ ಹಿಡಿಯುತ್ತಿದ್ದರು. ಬಾಯಲ್ಲಿ ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಡಬ್ಬ ಎನ್ನುತ್ತಿದ್ದೆ.

ನಾನು ಹೇಳುತ್ತಿರುವುದು ಆಯುಧ ಪೂಜೆಯ ದಿನದ ಮಾತು. ಆ ಒಂದು ದಿನ ಕಾರ್ಖಾನೆಯೊಳಕ್ಕೆ ಮನೆಯವರನ್ನೂ ಬಿಡುತ್ತಿದ್ದರು. ಅಪ್ಪ, ಅಕ್ಕ, ನಾನು ಹೋದೆವು. ಯಂತ್ರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಚೆಂಡುಹೂವಿನ ಹಾರ ಹಾಕಿದ್ದರು. ಷೆಡ್ಡಿನ ಬಾಗಿಲಿಗೆ ಬಾಳೆಕಂದು, ಮಾವಿನ ಸೊಪ್ಪು. ಸೀಮೆಎಣ್ಣೆ, ಕರ್ಪೂರ, ಹೂವು ಮೂರೂ ಬೆರೆತ ಆ ವಾಸನೆ ಬೇರೆಲ್ಲೂ ಸಿಗದು. ದೇವಿಯ ಪಟದ ಮುಂದೆ ಕೆಂಪು ಬಟ್ಟೆ ಹಾಸಿ ಸ್ಪ್ಯಾನರು, ಅಳತೆಯ ಉಪಕರಣಗಳು, ಸುತ್ತಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಅಪ್ಪನ ಕ್ಯಾಮೆರಾ, ಫೋರ್‌ಮನ್ ಮಾವನ ಕ್ಯಾಮೆರಾ ಕೂಡ ಅದೇ ಸಾಲಿನಲ್ಲಿದ್ದವು. ಅಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಂದೊಂದಕ್ಕೂ ಬೊಟ್ಟಿಡುತ್ತಾ ಬಂದಳು. ಪೂಜೆಗೆ ಇಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು ಎನ್ನುವುದು ಅಪ್ಪನ ನಿಯಮ. ಆಕಾಶವೇ ಇಳಿದು ಬಂದರೂ ಅಂದು ಅವರು ಫೋಟೊ ತೆಗೆಯುವವರಲ್ಲ.

ಪಕ್ಕದ ಕೋಣೆಯ ಅಣ್ಣ ಮಾತ್ರ ತಮ್ಮ ಕ್ಯಾಮೆರಾವನ್ನು ಪೂಜೆಗೆ ಇಟ್ಟಿರಲಿಲ್ಲ. ಊರಿನಿಂದ ಅವರ ಅವ್ವ ಬಂದಿದ್ದರು, ಸಂಜೆಯ ಗಾಡಿಗೆ ಹೊರಡುವವರಿದ್ದರು. ಆ ಅಜ್ಜಿ ತಮ್ಮ ಜೀವಮಾನದಲ್ಲಿ ಒಂದು ಫೋಟೊ ತೆಗೆಸಿಕೊಂಡವರಲ್ಲ. ಮಗ ದುಡಿಯುವ ಜಾಗದ ಮುಂದೆ ಅವರದೊಂದು ಫೋಟೊ ತೆಗೆಯಬೇಕು, ಒಂದನ್ನು ಕೋಣೆಯ ಗೋಡೆಗೆ ಹಾಕಬೇಕು, ಇನ್ನೊಂದನ್ನು ಊರಿಗೆ ಕಳಿಸಬೇಕು ಎಂದು ಅಣ್ಣ ತಿಂಗಳಿಂದ ಹೇಳುತ್ತಿದ್ದರು. ಅದಕ್ಕಾಗಿ ಒಂದು ರೋಲು ತಂದಿದ್ದರು. ಅದರಲ್ಲಿ ಬರುವುದು ಹನ್ನೆರಡು ಫೋಟೊ.

ಹಿಂದಿನ ಭಾನುವಾರ ಕಟ್ಟೆಯ ಮೇಲೆ ಫೋರ್‌ಮನ್ ಮಾವ ಹಳದಿ ಫಿಲ್ಟರಿನ ಬಗ್ಗೆ ಭಾಷಣ ಮಾಡಿದ್ದರು. ಫಿಲ್ಟರ್ ಎಂದರೆ ಲೆನ್ಸಿನ ಮುಂದೆ ಹಾಕುವ ಬಣ್ಣದ ಗಾಜು. ಕಪ್ಪು ಬಿಳುಪು ಫೋಟೊಗೆ ಹಳದಿ ಗಾಜು ಹಾಕಿದರೆ ಮೋಡ ಎದ್ದು ಕಾಣುತ್ತದೆ, ಮುಖ ತಿಳಿಯಾಗಿ ಬರುತ್ತದೆ ಎಂದಿದ್ದರು. ಅಣ್ಣ ಅದನ್ನು ನೆನಪಿಟ್ಟುಕೊಂಡು ಪೂಜೆ ಮುಗಿಯುತ್ತಲೇ ಮಾವನ ಹತ್ತಿರ ಹೋದರು.

"ಸಾಹೇಬ್ರ, ಆ ಹಳದಿ ಗಾಜು ಒಂದ್ ತಾಸು ಕೊಡ್ತೀರೇನ್ರಿ? ನಮ್ಮವ್ವ ಸಂಜಿ ಗಾಡಿಗೆ ಹೊಂಟಾಳ್ರಿ. ಒಲಿ ಮುಂದ ರೊಟ್ಟಿ ಬಡದು ಬಡದು ಅಕಿ ಮಾರಿ ಕಪ್ಪಿಟ್ಟೈತಿ. ಗಾಜು ಡಬ್ಬಿ ಮುಂದ ಕೈಯಾಗ ಹಿಡದು ತಗೀತೀನ್ರಿ."

"ಆ ಡಬ್ಬಕ್ಕೆ ಫಿಲ್ಟರ್ ಬೇರೆ ಕೇಡು!" ಎಂದರು ಮಾವ. "ಕತ್ತೆಗೆ ಕನ್ನಡಕ ಹಾಕ್ದಂಗಾಗುತ್ತೆ ಕಣಯ್ಯ. ಅಲ್ದೆ ಪೂಜೆಗಿಟ್ಟಿದೀನಿ, ಮುಟ್ಟಂಗಿಲ್ಲ."

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಅಣ್ಣನೂ ಸ್ವಲ್ಪ ನಕ್ಕು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದರು. ನಾನು ಹಿಂದೆಯೇ ಹೋದೆ. ಮಾವನಿಗೆ ಇನ್ನೊಂದು ನಗು ಒದಗಿಸುವ ಉಪಾಯ ನನಗೆ ಹೊಳೆದಿತ್ತು.

"ಅಣ್ಣಾ, ಫಿಲ್ಟರ್ ಯಾಕೆ? ಅರಿಶಿನ ಹಚ್ಚಿ."

"ಅರಿಶಿಣಾ?"

"ಹ್ಞೂಂ. ಗಾಜಿನ ಮೇಲೆ ತೆಳ್ಳಗೆ ಹಚ್ಚಿದ್ರೆ ಅದೇ ಹಳದಿ ಫಿಲ್ಟರ್. ಸ್ಟುಡಿಯೋದೋರೆಲ್ಲ ಹಂಗೇ ಮಾಡೋದು."

"ಸಾಹೇಬ್ರಿಗೆ ಇದು ಗೊತ್ತಿಲ್ಲೇನಪಾ?"

"ಗೊತ್ತು. ಹೇಳ್ಕೊಡಲ್ಲ ಅಷ್ಟೇ."

ಅವರ ಮುಖ ಅರಳಿತು. ಕ್ಯಾಮೆರಾಗೆ ಪೂಜೆ ತಪ್ಪಿಹೋಯಿತಲ್ಲ ಎಂಬ ಅಳುಕು ಅವರಲ್ಲಿ ಬೆಳಗಿನಿಂದಲೂ ಇತ್ತೆಂದು ಕಾಣುತ್ತದೆ. "ದೇವಿ ಮುಂದಿನ ಅರಿಶಿಣ ಐತಿ. ಪೂಜಿನೂ ಆದಂಗಾತು, ಫಿಲ್ಟರೂ ಆದಂಗಾತು," ಎಂದರು. ನಾನು ಅಕ್ಕನ ತಟ್ಟೆಯಿಂದ ಒಂದು ಚಿಟಿಕೆ ತಂದು ಅಂಗೈಯಲ್ಲಿ ನೀರು ಹಾಕಿ ಕಲೆಸಿದೆ. ಅಣ್ಣ ತಮ್ಮ ಬೆರಳು ನೋಡಿಕೊಂಡರು. ಕಬ್ಬಿಣ ಹಿಡಿದು ಹಿಡಿದು ಅದು ಒಡೆದು ದಪ್ಪಗಾಗಿತ್ತು. "ನೀನ ಹಚ್ಚಪಾ. ನನ್ನ ಬೆರಳು ಒರಟು, ಗಾಜಿಗೆ ಗೀರು ಬಿದ್ದೀತು," ಎಂದು ಡಬ್ಬಿಯನ್ನು ನನ್ನ ಮುಂದೆ ಹಿಡಿದರು. ನಾನು ಉಂಗುರದ ಬೆರಳಿನಿಂದ, ದೇವರಿಗೆ ಹಚ್ಚುವವನಂತೆ, ಲೆನ್ಸಿನ ತುಂಬ ಹಚ್ಚಿದೆ.

ಆಮೇಲೆ ಓಡಿಹೋಗಿ ಫೋರ್‌ಮನ್ ಮಾವನ ಕಿವಿಯಲ್ಲಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಡು, ಏನ್ ಬರುತ್ತೋ ನೋಡಣ," ಎಂದರು. ಐವತ್ತು ವರ್ಷದ ಮನುಷ್ಯ, ಅಷ್ಟು ದೊಡ್ಡ ಕ್ಯಾಮೆರಾದ ಒಡೆಯ, ಹೊರಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವರನ್ನು ಬಯ್ಯಲು ನನಗೆ ಬಾಯಿಲ್ಲ, ಏಕೆಂದರೆ ನಾನಂತೂ ಮತ್ತೆ ಹೊರಗೆ ಹೋದೆ, ಬರೀ ನೋಡುವುದಕ್ಕೆ.

ಅಜ್ಜಿ ಷೆಡ್ಡಿನ ಬಾಗಿಲಲ್ಲಿ, ಬಾಳೆಕಂದುಗಳ ನಡುವೆ, ಬಿಸಿಲಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಇಳಕಲ್ ಸೀರೆ, ಹಣೆಯಗಲ ಕುಂಕುಮ, ದೊಡ್ಡ ಮೂಗುತಿ. ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಮೊಣಕಾಲ ಮೇಲೆ ಇಡುತ್ತಿದ್ದರು. ನನ್ನನ್ನು ಕಂಡು ಕರೆದರು.

"ಬಾರಪಾ ನನ್ನ ಶಾಣ್ಯಾ. ನೀನಂತಲ್ಲಾ ಇವಗ ಕಲಿಸಿದಾಂವ?" ಎಂದು ಸೀರೆಯ ಗಂಟಿನಿಂದ ಒಂದು ಶೇಂಗಾ ಉಂಡೆ ತೆಗೆದು ನನ್ನ ಬಾಯಿಗೇ ಇಟ್ಟರು. "ಚಂದ ಬರ್ತೈತೇನು? ನಾ ಏನ್ ಮತ್ತ ಮತ್ತ ಬರಾಕಿ ಅಲ್ಲಪಾ."

ಉಂಡೆ ದೊಡ್ಡದಿತ್ತು. ಬಾಯಿ ತುಂಬಿತ್ತು. ಅದನ್ನು ಉಗುಳಿ ನಿಜ ಹೇಳಬಹುದಿತ್ತು. ನಾನು ತಲೆಯಾಡಿಸಿದೆ, ಚೆನ್ನಾಗಿ ಬರುತ್ತದೆ ಎಂದು.

ಅಣ್ಣ ಹನ್ನೆರಡು ಸಲ ಕ್ಲಿಕ್ ಮಾಡಿದರು. ಹನ್ನೆರಡು ಸಲವೂ ಅಜ್ಜಿ ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಮಗನ ಕೈಯಲ್ಲಿದ್ದ ಆ ಹಳದಿ ಕಣ್ಣನ್ನು ನೋಡಿದರು. ಸಂಜೆ ಅವರು ಗಾಡಿ ಹತ್ತಿದರು.

ಎರಡು ವಾರ ಕಳೆದು ಅಣ್ಣ ಫೋಟೊಗಳ ಲಕೋಟೆಯನ್ನು ಕಟ್ಟೆಗೆ ತಂದರು. ಹನ್ನೆರಡೂ ಒಂದೇ ಥರ ಇದ್ದವು. ಬೂದು ಬಣ್ಣದ ಮಂಜು, ನಡುವೆ ಅಕ್ಕಿ ಮೂಟೆಯಂಥ ಒಂದು ಆಕಾರ. ಮುಖ ಇರಬೇಕಾದಲ್ಲಿ ಬರೀ ಬೆಳಕು. ಫೋರ್‌ಮನ್ ಮಾವ ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು, "ಏನಯ್ಯಾ, ಫಿಲ್ಟರ್ ಕೆಲ್ಸ ಮಾಡ್ತಾ?" ಎಂದು ನನಗೆ ಕಣ್ಣು ಹೊಡೆದರು.

ಅಣ್ಣ ಅವರ ಕಣ್ಣನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲೇ ಅವರಿಗೆ ಎಲ್ಲವೂ ತಿಳಿಯಿತು.

ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಫೋಟೊ ಮೂಸಿ ನೋಡುವಷ್ಟು ಹತ್ತಿರ ಹಿಡಿದು, "ಲೆನ್ಸಿಗೆ ಏನೋ ಹಚ್ಚಿದೀರಾ. ಯಾರ್ರೀ ನಿಮಗೆ ಹೇಳ್ಕೊಟ್ಟಿದ್ದು?" ಎಂದು ಸಿಟ್ಟಿನಿಂದ ಕೇಳಿದರು.

"ಯಾರೂ ಹೇಳಿಲ್ರಿ," ಎಂದರು ಅಣ್ಣ. "ದೇವಿ ಅರಿಶಿಣ, ಒಳ್ಳೇದಾಕ್ಕೈತಿ ಅಂತ ನಾನ ಹಚ್ಚಿದ್ನಿ. ನಂದ ಮಬ್ಬ ತಲಿ."

ಅಪ್ಪ ಮರುಗಿದರು. ಮುಂದಿನ ದಸರೆಗೆ ನಿಮ್ಮ ತಾಯಿ ಬಂದಾಗ ನಾನೇ ತೆಗೆದುಕೊಡುತ್ತೇನೆ, ಪೂಜೆಗೆ ಇಡದೆಯೇ ತೆಗೆಯುತ್ತೇನೆ ಎಂದರು. ಅಷ್ಟು ನಿಯಮದ ಮನುಷ್ಯ ಆ ಮಾತು ಆಡಿದಾಗಲೂ ನಾನು ಬಾಯಿ ಬಿಡಲಿಲ್ಲ. ಮುಂದಿನ ದಸರೆಯ ಹೊತ್ತಿಗೆ ಆ ಅಜ್ಜಿ ಇರಲಿಲ್ಲ.

ಅಣ್ಣ ಹನ್ನೆರಡರಲ್ಲಿ ಒಂದನ್ನು ಆರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಬಂದವರಿಗೆ, "ಹಿಂಗ ಓರೆ ನಿಂತು ನೋಡ್ರಿ, ಮೂಗುತಿ ಕಾಣ್ತೈತಿ," ಎಂದು ತೋರಿಸುತ್ತಿದ್ದರು. ನಾನು ಎಷ್ಟು ಓರೆ ನಿಂತರೂ ನನಗೆ ಕಾಣಲಿಲ್ಲ. ಮುಂದೆ ಅವರು ಚಂದಾಪುರದ ಕಡೆ ಕೆಲಸ ಸಿಕ್ಕಿ ಕೋಣೆ ಖಾಲಿ ಮಾಡಿದರು. ಸಾಮಾನು ಸಾಗಿಸಿದ ದಿನ ನನಗೆ ಆದದ್ದು ದುಃಖವಲ್ಲ. ಇನ್ನು ಆ ಕಟ್ಟನ್ನು ನೋಡಬೇಕಾಗಿಲ್ಲ ಎಂದು ಹಾಯೆನಿಸಿತು. ಅಷ್ಟು ನೀಚನಾಗಿದ್ದೆ.

ಇದರಿಂದ ಬುದ್ಧಿ ಬಂತೇ? ಬರಲಿಲ್ಲ. ಅಪ್ಪನ ಹಾಗೆ ನಾನೂ ಕಾರ್ಖಾನೆ ಸೇರಿದೆ, ಕ್ಯಾಮೆರಾ ಕೊಂಡೆ. ಈಗ ನಿವೃತ್ತನಾಗಿ ಮೊಬೈಲಿನ ಒಂದು ಹವ್ಯಾಸಿಗಳ ಗುಂಪಿನಲ್ಲಿದ್ದೇನೆ. ಒನಕೆಯಂಥ ಲೆನ್ಸುಗಳನ್ನು ಹೊತ್ತು ಕೆರೆ ದಂಡೆಗೆ ಹೋಗಿ, ಒಂದೇ ಮಿಂಚುಳ್ಳಿಯನ್ನು ಇಪ್ಪತ್ತು ಜನ ತೆಗೆದು, ಇಪ್ಪತ್ತನ್ನೂ ಬೆಳಿಗ್ಗೆ ಆರಕ್ಕೆ ಕಳಿಸುವ ಗುಂಪು. ಹೊಸಬರು ಯಾವ ಲೆನ್ಸ್ ಕೊಳ್ಳಲಿ ಸಾರ್ ಎಂದು ಕೇಳಿದರೆ, ಮೊದಲು ಕಣ್ಣು ಕೊಂಡುಕೋ ಎಂದು ಬರೆಯುವವನು ನಾನೇ. ಅದಕ್ಕೆ ಹತ್ತು ಜನ ನಗುವ ಚಿತ್ರ ಒತ್ತುತ್ತಾರೆ. ನಾನು ಎಣಿಸುತ್ತೇನೆ.

ಕಳೆದ ಭಾನುವಾರ ನಿಮ್ಮಲ್ಲಿ ಚಿಕ್ಕವಳು ಮೊಬೈಲ್ ತಂದು, "ತಾತಾ, ನೋಡು, ಅಜ್ಜಿ ನಗ್ತಿರೋದು ತೆಗ್ದೆ," ಎಂದು ತೋರಿಸಿದಳು. ನಿಮ್ಮಜ್ಜಿ ಈ ಮೂರು ವರ್ಷದಿಂದ, ಹಲ್ಲು ತೆಗೆಸಿದ ಮೇಲೆ, ಯಾರ ಮುಂದೆಯೂ ಬಾಯಿ ತೆರೆದು ನಕ್ಕವಳಲ್ಲ. ನಾನು ಅದನ್ನು ನೋಡಲಿಲ್ಲ. ಫೋಟೊ ಅಲ್ಲಾಡಿದ್ದನ್ನು ನೋಡಿದೆ. "ಇದನ್ನ ಫೋಟೊ ಅಂತಾರಾ? ಅಳಿಸಾಕು," ಎಂದೆ. ಮಗು ನನ್ನೆದುರೇ ಅಳಿಸಿತು. ನಂಬಿದ ಮುಖ ಹೇಗಿರುತ್ತದೆಂದು ನನಗೆ ಗೊತ್ತು, ಮಕ್ಕಳೇ. ಅದಕ್ಕಾಗಿಯೇ ಇಷ್ಟೆಲ್ಲ ಬರೆದೆ.

ನಮ್ಮ ಕಾಲದಲ್ಲಿ ಹನ್ನೆರಡು ಮುಗಿದರೆ ಮುಗಿಯಿತು, ಗಾಡಿ ಹೊರಟರೆ ಹೊರಟಿತು. ನಿಮ್ಮ ಕಾಲ ಹಾಗಲ್ಲ. ಅಳಿಸಿದ ಫೋಟೊ ಮೊಬೈಲಿನ ಬುಟ್ಟಿಯೊಂದರಲ್ಲಿ ಇನ್ನೂ ಕೆಲವು ದಿನ ಇರುತ್ತದೆ ಎಂದು ನಿಮ್ಮ ಅಪ್ಪ ಹೇಳಿದ. ಓದಿದ್ದು ಸಾಕು. ಎದ್ದು ಹೋಗಿ ಅದನ್ನು ಹುಡುಕಿ ತನ್ನಿ. ಈ ಸಲ ನಾನು ಬಾಯಿ ಮುಚ್ಚಿಕೊಂಡು ನೋಡುತ್ತೇನೆ.