ಕತ್ತರಿ ತೆಗೆದ ಮೇಲೆ

ನನ್ನ ಸೊಸೆ ವಿಷಯ ನಾಲ್ಕು ಜನಕ್ಕೆ ಹೇಳದೇ ಇದ್ರೆ ನನಗೆ ತಿಂದದ್ದು ಅರಗಲ್ಲ. ಹಟ ಅಂದ್ರೆ ಹಟ ಅವಳಿಗೆ. ನಾನು ಜೀವಮಾನವೆಲ್ಲ ಬಟ್ಟೆ ಹೊಲಿದವಳು. ಅವಳು ಲ್ಯಾಬಿನಲ್ಲಿ ಜೀವಕೋಶ ಸಾಕೋಳು. ಮದುವೆಯಾದ ಹೊಸದರಲ್ಲಿ "ಅಲ್ಲಿ ಏನಮ್ಮಾ ಮಾಡ್ತೀಯ?" ಅಂತ ಕೇಳಿದ್ದಕ್ಕೆ ನನ್ನ ಕತ್ತರಿ ಎತ್ತಿ ತೋರಿಸಿದಳು.

"ಜೀವಕೋಶದೊಳಗೂ ಇಂಥದ್ದೊಂದಿದೆ ಅತ್ತೆ. ಆರ್‌ಎನ್‌ಎ ಅಂತ ಉದ್ದ ದಾರ ಇರುತ್ತೆ, ಅದನ್ನ ಚಿಕ್ಕ ಚಿಕ್ಕ ತುಂಡು ಮಾಡುತ್ತೆ. ಯಾವ ಜೀನ್ ಸುಮ್ಮನಿರಬೇಕು ಅಂತ ಆ ತುಂಡುಗಳು ಹೇಳ್ತವೆ."

ಎಲ್ಲ ತುಂಡನ್ನೂ ಆ ಒಂದೇ ಕತ್ತರಿ ಕತ್ತರಿಸುತ್ತೆ ಅಂತ ಲ್ಯಾಬ್ ನಡೆಸೋ ಅವಳ ಮೇಡಂ ವಾದ. ಒಂದು ತುಂಡನ್ನ ಮಾತ್ರ ಬೇರೇನೋ ಕತ್ತರಿಸುತ್ತೆ ಅಂತ ಇವಳಿಗೆ ಅನುಮಾನ. ನೋಡೋಕೆ ದಾರಿ ಒಂದೇ: ಜೀನ್ ತಿದ್ದಿ ಕತ್ತರಿಯನ್ನೇ ಇಲ್ಲವಾಗಿಸೋದು, ಆಮೇಲೆ ಯಾವ ತುಂಡು ಉಳಿಯುತ್ತೆ ನೋಡೋದು. ಎರಡು ಸಲ ತಿದ್ದಿದಳು. ಎರಡು ಸಲವೂ ಕತ್ತರಿ ಇದ್ದಲ್ಲೇ ಇತ್ತು. "ಇದೊಂದು ಸಲ ನೋಡು, ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡು" ಅಂದರಂತೆ ಮೇಡಂ. ಅವತ್ತು ಊಟದ ತಟ್ಟೆ ಮುಂದೆ ಕೂತು ಅತ್ತಳು. ನನಗೆ ಆ ಮೇಡಂ ಮೇಲೆ ಮೈಯೆಲ್ಲ ಉರೀತು.

ಅಳ್ತಿದ್ದವಳು ತಟ್ಟನೆ ತಲೆ ಎತ್ತಿದಳು. "ಅತ್ತೆ, ನಾನೆಂಥ ದಡ್ಡಿ. ತಿದ್ದಿದ್ದು ಎಲ್ಲ ಕೋಶಕ್ಕೂ ಹತ್ತಲ್ಲ, ನಾನು ದುಂಡುದುಂಡಗೆ ಬೆಳೆದ ಕೋಶದ ಗುಂಪುಗಳನ್ನೇ ಆರಿಸ್ತಿದ್ದೆ. ಕತ್ತರಿ ಕಳ್ಕೊಂಡ ಕೋಶ ಅಷ್ಟು ಚೆನ್ನಾಗಿ ಹೇಗೆ ಬೆಳೆಯುತ್ತೆ? ಸೊರಗಿದವು ಅಂತ ಬಿಸಾಕಿದ್ದೆನಲ್ಲ, ಅವೇ ನನಗೆ ಬೇಕಾದವು!"

ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದಳು ನಮ್ಮ ಜಾಣೆ. ಈ ಸಲ ಸೊರಗಿದವನ್ನೇ ಆರಿಸಿ, ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ಫಲಿತಾಂಶದ ದಿನ "ನೀವೂ ಬನ್ನಿ, ಒಬ್ಬಳಿಗೇ ಧೈರ್ಯ ಇಲ್ಲ" ಅಂತ ನನ್ನನ್ನೂ ಕರ್ಕೊಂಡು ಹೋದಳು.

ಪರದೆ ಮೇಲೆ ಒಂದೊಂದು ತುಂಡಿಗೂ ಒಂದೊಂದು ಚಿತ್ರ. ಎಡಕ್ಕೆ ಮಾಮೂಲಿ ಕೋಶ, ಬಲಕ್ಕೆ ಕತ್ತರಿ ಇಲ್ಲದ್ದು. ತುಂಡು ಇದ್ದರೆ ಕಪ್ಪು ಗೆರೆ. ಎಡಕ್ಕೆಲ್ಲ ಗೆರೆ ಇತ್ತು. ಬಲಕ್ಕೆ ಖಾಲಿ, ಖಾಲಿ, ಖಾಲಿ. ಅಂತೂ ಕತ್ತರಿ ಹೋಗಿತ್ತು. ಕೊನೆಯದು ಅವಳ ಅನುಮಾನದ ತುಂಡು. ನನ್ನ ಕೈ ಹಿಡ್ಕೊಂಡಳು. ಚಿತ್ರ ಬಂತು. ಬಲಕ್ಕೂ ಗೆರೆ ಇತ್ತು.

ಪಕ್ಕದಲ್ಲೇ ನಿಂತಿದ್ದ ಮೇಡಂ ಕನ್ನಡಕ ಒರೆಸಿ ಮತ್ತೆ ನೋಡಿದರು. "ನೀನು ಹೇಳಿದ್ದೇ ಸರಿ ಕಣೇ" ಅಂದರು. ನನ್ನ ಸಿಟ್ಟೆಲ್ಲ ಅಲ್ಲೇ ಇಳೀತು.

"ಹಾಗಾದ್ರೆ ಕತ್ತರಿ ಇಲ್ದೆ ಇದನ್ನ ಕತ್ತರಿಸಿದ್ದು ಯಾರಮ್ಮಾ?" ಅಂತ ಕೇಳಿದೆ.

"ಗೊತ್ತಿಲ್ಲ ಅತ್ತೆ" ಅಂದಳು. ಮದುವೆ ದಿನವೂ ಅವಳ ಮುಖ ಅಷ್ಟು ಬೆಳಗಿದ್ದನ್ನ ನಾನು ಕಂಡಿರಲಿಲ್ಲ. ಇದು ಮಾತ್ರ ನನ್ನ ಮಗನ ಕಿವಿಗೆ ಬೀಳಬಾರದು.