ಕೊಡದ ಜಾಗದಲ್ಲಿ ರಾಕೆಟ್

ಭಾರ್ಗವ್ ನಕಲುಗಾರ. ಸೋಮಾರಿಯಲ್ಲ, ದಡ್ಡನೂ ಅಲ್ಲ, ನಕಲುಗಾರ. ನನ್ನ ಸಂಖ್ಯಾಶಾಸ್ತ್ರದ ತರಗತಿಯಲ್ಲಿದ್ದಾಗ ಪಕ್ಕದವನ ಲೆಕ್ಕ ನೋಡಿ, ಎರಡು ಹಂತ ಹಿಂದುಮುಂದು ಮಾಡಿ ಬರೆಯುತ್ತಿದ್ದ. ಉತ್ತರ ಸರಿಯಿರುತ್ತಿತ್ತು, ನಾನು ಅಂಕ ಕೊಡುತ್ತಿದ್ದೆ.

೨೦೦೫ರ ಹೊತ್ತಿಗೆ ಅದೇ ಅವನ ಉದ್ಯೋಗವಾಯಿತು. ಇಂದಿರಾನಗರದ ಒಂದು ಕಂಪನಿ ಮೊಬೈಲ್ ಫೋನಿಗೆ ಆಟಗಳನ್ನು ಮಾಡುತ್ತಿತ್ತು. ಹೊರದೇಶದಲ್ಲಿ ಓಡುತ್ತಿರುವ ಆಟವನ್ನು ಭಾರ್ಗವ್ ಎರಡು ದಿನ ಆಡಿ, ಅದರ ನಿಯಮಗಳನ್ನು ಹಾಳೆಗೆ ಇಳಿಸುತ್ತಿದ್ದ. ಮೂರು ವಾರದಲ್ಲಿ ಹೊಸ ಬಣ್ಣ, ಹೊಸ ಹೆಸರು. ಕಪ್ಪೆಯಿದ್ದಲ್ಲಿ ಮಂಗ, ಕಾರಿದ್ದಲ್ಲಿ ಆಟೋ.

"ಎಲ್ರೂ ಹಿಂಗೇ ಮಾಡೋದು ಮೇಡಂ. ಹೊಸದು ಮಾಡಿದ್ರೆ ಯಾರೂ ತಗೊಳಲ್ಲ," ಎನ್ನುತ್ತಿದ್ದ.

ಮರುವರ್ಷ ಒಂದು ಭಾನುವಾರ ಬೆಳಿಗ್ಗೆ ಹಲಸೂರಿನ ನಮ್ಮ ಮನೆಗೆ ಬಂದ. ಹೊಸ ಆಟ ಕಲ್ಪಿಸಬಲ್ಲವರನ್ನು ದೊಡ್ಡ ಕಂಪನಿಯೊಂದು ಹುಡುಕುತ್ತಿತ್ತು. ಮಾರನೆಯ ದಿನ ಸಂದರ್ಶನ. ನನ್ನ ಶಿಫಾರಸು ಪತ್ರ ಬೇಕಿತ್ತು. ಸ್ವಂತದ್ದೊಂದು ಆಟ ಮಾಡಿದ್ದೇನೆ, ಅದನ್ನೂ ಸೇರಿಸಿ ಎಂದ. ಸೇರಿಸಿ ಮುದ್ರಿಸಿದೆ. ಆಟವನ್ನು ತೋರಿಸಲು ಹೇಳಿದ್ದು ಆಮೇಲೆ.

ಫೋನಿನ ಪರದೆಯಲ್ಲಿ ರಾಕೆಟ್‌ಗಳು ಇಂಧನಕ್ಕಾಗಿ ಸಾಲು ನಿಂತಿದ್ದವು. ಚಾಲಕ ರಾಕೆಟ್ಟನ್ನು ಸಾಲಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ಸರದಿಗೆ ಸರಿಯಾಗಿ ಬರದಿದ್ದರೆ ಅದು ಕೊನೆಗೆ. ಹಿಂದಿನವನು ಒಂದೇ ಒಂದು ಸಲ ಅದನ್ನು ಮುಂದೆ ತಳ್ಳಿಕೊಡಬಹುದು.

ನಮ್ಮ ಮನೆಗೆ ಹತ್ತಿರದ ಮರ್ಫಿ ಟೌನಿನ ಬೀದಿ ನಲ್ಲಿಯ ಮುಂದೆ ನಾನು ವರ್ಷಗಟ್ಟಲೆ ನೋಡಿರುವುದು ಇದನ್ನೇ. ಹೆಂಗಸರು ಕೊಡ ಇಟ್ಟು ಒಲೆ ನೋಡಲು ಹೋಗುತ್ತಾರೆ. ಹಿಂದಿನವಳು ಒಮ್ಮೆ ಸರಿಸಿಕೊಡುತ್ತಾಳೆ, ಎರಡನೆಯ ಸಲ ಇಲ್ಲ.

"ಇದು ಕೊಡದ ಸಾಲು ಕಣೋ. ಹೊಸ ತಿಪ್ಪಸಂದ್ರದಲ್ಲಿ ಬೋರ್‌ವೆಲ್ ಇರೋ ಮನೇಲಿ ಬೆಳೆದೋನು ನೀನು. ನಿನಗ್ಯಾರು ಹೇಳ್ಕೊಟ್ರು?"

ಅವನು ಫೋನ್ ಜೇಬಿಗಿಟ್ಟ. "ಲಕ್ಷ್ಮಿದೇವಿ ಅಂತ, ಆಫೀಸಲ್ಲಿ ಚಿತ್ರ ಬರೀತಾಳೆ. ಸುರಪುರದ ಕಡೆಯವ್ಳು, ಮರ್ಫಿ ಟೌನಲ್ಲಿ ರೂಮು. ಆಟ ಅವ್ಳ್ದು. ನಾನು ಕೊಡ ತೆಗ್ದು ರಾಕೆಟ್ ಹಾಕ್ದೆ."

"ಅವಳೇನಂದ್ಲು?"

"'ಕೊಡ ತಗದ್ರ ತಗೀರಿ ಸರ, ನನ್ನ ಹೆಸರಾದ್ರೂ ಉಳಸಬೇಕಿತ್ತು' ಅಂದ್ಲು. ಆಮೇಲೆ ನನ್ನ ಮಾತಾಡ್ಸಿಲ್ಲ."

ಪತ್ರ ನನ್ನ ಮುಂದೆಯೇ ಇತ್ತು. ಹರಿದು ಹಾಕಬೇಕಿತ್ತು. ಇವನೊಬ್ಬನನ್ನು ತಡೆದು ಏನಾಗಬೇಕು ಎಂದುಕೊಂಡು ಸಹಿ ಮಾಡಿ ಕೊಟ್ಟೆ. ಅದಕ್ಕೆ ಇವತ್ತಿಗೂ ನನ್ನ ಬಳಿ ಸಮಜಾಯಿಷಿ ಇಲ್ಲ.

ಅವನು ನಿಂತುಕೊಂಡೇ ಓದಿದ. "'ಸ್ವತಂತ್ರವಾಗಿ ಯೋಚಿಸುವ ಅಪರೂಪದ ವಿದ್ಯಾರ್ಥಿ.' ನಮ್ ಕ್ಲಾಸಿನ ವಿಶ್ರುತ್‌ಗೂ ಇದೇ ಬರ್ದಿದ್ರಿ ಅಲ್ವಾ ಮೇಡಂ?"

"ಎಲ್ಲರಿಗೂ ಅದೇ. ಹೆಸರು ಮಾತ್ರ ಬದಲಾಯಿಸ್ತೀನಿ."

ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಕುಳಿತು, ಮೇಜಿನ ಮೇಲಿದ್ದ ನನ್ನ ಪೆನ್ನು ತೆಗೆದುಕೊಂಡು, ಆಟದ ಬಗ್ಗೆ ಇದ್ದ ಎರಡು ಸಾಲನ್ನು ಗೀಟೆಳೆದು ಹೊಡೆದುಹಾಕಿದ. ಆ ಸಾಲುಗಳಿಲ್ಲದೆ ಪತ್ರದಿಂದ ಅವನಿಗೆ ಏನೂ ಪ್ರಯೋಜನವಿರಲಿಲ್ಲ. ಆ ಸಾಲು ಬಿಟ್ಟು ಬೇರೆ ಪ್ರತಿ ಮುದ್ರಿಸಲು ಎದ್ದೆ.

"ಬೇಡ ಮೇಡಂ, ಗೀಟು ಕಾಣ್ಲಿ. ಪಕ್ಕದಲ್ಲಿ ನಿಮ್ದೊಂದು ಚಿಕ್ಕ ಸಹಿ ಹಾಕಿ."

ಹೊಡೆದುಹಾಕಿದ ಕಡೆ ಸಹಿ ಇರಬೇಕೆಂಬುದನ್ನು ಪರೀಕ್ಷೆಯ ಕೋಣೆಯಲ್ಲಿ ನಾನೇ ಅವರಿಗೆಲ್ಲ ಹೇಳುತ್ತಿದ್ದೆ. ಅವನು ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನು ಹಿಡಿದು ಕಾದ.